ಸಾಹೇಬರ ಮಾತು, ದೇವರ ಮಾತು, ನಡುವೆ ಒಬ್ಬ ನರ್ಸು

ಹೋದ ತಿಂಗಳು ನಮ್ಮ ಚರ್ಚಿನ ಸಭೆಯ ಹುಡುಗಿಯೊಬ್ಬಳು ಸರ್ಕಾರಿ ನರ್ಸ್ ಕೆಲಸದ ಆದೇಶ ಹಿಡಿದುಕೊಂಡು ಮನೆಗೆ ಬಂದಳು. ಟೀ ಕುಡಿದು ಲೋಟ ಕೆಳಗಿಟ್ಟು, ಬಂದ ಕೆಲಸಕ್ಕೆ ನೇರವಾಗಿ ಇಳಿದಳು.

“ಆಂಟಿ, ಮ್ಯಾಲಿನೋರು ಹೇಳಿದ್ದು ಅನ್ಯಾಯ ಅಂತ ನಮಗೆ ಗೊತ್ತಾದ್ರೆ ಆಗ ಏನು ಮಾಡಾದು? ದೇವರ ವಾಕ್ಯದಾಗೆ ಏನು ಹೇಳೈತೆ?”

“ವಾಕ್ಯದಾಗೆ ಎರಡೂ ಹೇಳೈತೆ. ಅದೇ ತಾಪತ್ರಯ” ಎಂದೆ.

ಅವಳಿಗೆ ಒಂದು ಸಾಲಿನ ಉತ್ತರ ಬೇಕಿತ್ತು. ನನ್ನ ಹತ್ತಿರ ಅಂಥದ್ದಿರಲಿಲ್ಲ. ಇದ್ದದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸುತ್ತಿಸಿದ ನೌಕರಿ ಮಾತ್ರ. ಅದನ್ನೇ ಬರೆದು ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಬಡ್ತಿಗಳ ಸುದ್ದಿ ಬರೆಯುವುದಿಲ್ಲ. ಅವು ಎಲ್ಲರಿಗೂ ಬರುತ್ತವೆ, ನನಗೆ ಸ್ವಲ್ಪ ತಡವಾಗಿ ಬಂದವು. ಆಸ್ಪತ್ರೆಗಳ ಹೆಸರನ್ನೂ ಬರೆಯುವುದಿಲ್ಲ. ಆಗಿನ ಸಾಹೇಬರುಗಳಲ್ಲಿ ಕೆಲವರು ಈಗ ಬಿ.ಪಿ. ಮಾತ್ರೆಯ ವಿಷಯ ಕೇಳಲು ನನಗೇ ಫೋನ್ ಮಾಡುತ್ತಾರೆ.

ನಮ್ಮಪ್ಪ ದೇವದಾಸಪ್ಪ ಚನ್ನಗಿರಿಯಲ್ಲಿ ಉಪದೇಶಿ. ದೊಡ್ಡ ಪಾಸ್ಟರು ಬಾರದ ಭಾನುವಾರಗಳಲ್ಲಿ ಆರಾಧನೆ ನಡೆಸುವುದು, ಉಳಿದ ದಿನ ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ಅವರ ಕೆಲಸ. ಅವ್ವ ಕರುಣಮ್ಮ ಅಂಗನವಾಡಿಯಲ್ಲಿದ್ದಳು. ಅಪ್ಪನಿಗೆ ಬೈಬಲಿನ ಪೌಲ ಅಪೊಸ್ತಲನೆಂದರೆ ಪ್ರಾಣ. ಮೇಲಿನ ಅಧಿಕಾರಿಗಳಿಗೆ ಪ್ರತಿಯೊಬ್ಬನೂ ಅಧೀನನಾಗಿರಬೇಕು ಎಂದು ಪೌಲ ರೋಮಿನವರಿಗೆ ಬರೆದದ್ದನ್ನು ಅಪ್ಪ ಬಸ್ ಕಂಡಕ್ಟರಿನಿಂದ ಹಿಡಿದು ಜಿಲ್ಲಾಧಿಕಾರಿಯವರೆಗೆ ಎಲ್ಲರಿಗೂ ಅನ್ವಯಿಸುತ್ತಿದ್ದರು. ಕಂಡಕ್ಟರ್ “ಒಳಗೆ ನಡೀರಿ, ಒಳಗೆ ನಡೀರಿ” ಎಂದರೆ ಒಳಗೆ ಜಾಗವಿಲ್ಲದಿದ್ದರೂ ನಡೆಯುವವರು ಇಡೀ ಬಸ್ಸಿನಲ್ಲಿ ನಮ್ಮಪ್ಪ ಒಬ್ಬರೇ.

ಅವ್ವನ ಪಕ್ಷ ಬೇರೆ. ತನ್ನ ಗುಲಾಮರಿಗೆ ಹುಟ್ಟುವ ಗಂಡುಮಕ್ಕಳನ್ನು ಕೊಲ್ಲಿರಿ ಎಂದು ಐಗುಪ್ತದ ರಾಜ ಫರೋಹ ಅಪ್ಪಣೆ ಕೊಟ್ಟಾಗ ಇಬ್ಬರು ಸೂಲಗಿತ್ತಿಯರು ಕೊಲ್ಲಲಿಲ್ಲ. ಏಕೆಂದು ರಾಜ ಕೇಳಿದರೆ, “ಈ ಹೆಂಗಸರು ಗಟ್ಟಿ, ನಾವು ಹೋಗೋದ್ರೊಳಗೆ ಹೆತ್ತುಬಿಟ್ಟಿರ್ತಾರೆ” ಎಂದು ಸುಳ್ಳು ಹೇಳಿ ಬಂದರು. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದ. ಅವ್ವನಿಗೆ ಈ ಕತೆ ಎಂದರೆ ಬಲು ಹಿಗ್ಗು. ನನಗೆ ನರ್ಸ್ ಕೆಲಸ ಸಿಕ್ಕ ದಿನ ಊಟಕ್ಕೆ ಕೂತಾಗ ಇಬ್ಬರಿಗೂ ಶುರುವಾಯಿತು.

“ಸರ್ಕಾರದ ಅನ್ನ ತಿಂತೀಯ. ಅವರು ಹೇಳಿದ್ದು ಕೇಳ್ಕೊಂಡು ಹೋಗವ್ವ” ಎಂದರು ಅಪ್ಪ.

“ಫರೋಹನ ಮನೆ ಅನ್ನಾನೂ ಸರ್ಕಾರದ ಅನ್ನಾನೇ ಅಲ್ಲೇನ್ರಿ?” ಅವ್ವ ಮುದ್ದೆಗೆ ಸಾರು ಹಾಕುತ್ತ ಕೇಳಿದಳು.

“ಅವರು ಸುಳ್ಳು ಹೇಳಿದ್ರು ಕಣೇ!”

“ಮಕ್ಕಳು ಬದುಕಿದ್ವು ಕಣ್ರಿ!”

ಇಬ್ಬರ ನಡುವೆ ಕೂತು ನಾನು ಎರಡು ಮುದ್ದೆ ಉಂಡೆ. ಆಗ ಅದು ಊಟದ ಹೊತ್ತಿನ ತಮಾಷೆ ಎಂದುಕೊಂಡಿದ್ದೆ.

ಮೊದಲ ಪೋಸ್ಟಿಂಗ್ ಚನ್ನಗಿರಿ ತಾಲ್ಲೂಕಿನ ನಲ್ಲೂರು ಕಡೆಯ ಒಂದು ಉಪಕೇಂದ್ರ. ನನ್ನ ಹೆಸರು ಗ್ರೇಸ್ ಎಂದರೆ ಅಲ್ಲಿನವರ ಬಾಯಿಗೆ ಅದು ಹಿಡಿಯಲಿಲ್ಲ. ಗಿರೇಸು ಆಯಿತು, ಗಿರೀಶು ಆಯಿತು, ಕೊನೆಗೆ ಗಿರೀಶಮ್ಮ ಎಂದು ನಿಂತಿತು. ಒಂದೆರಡು ಮದುವೆಯ ಲಗ್ನಪತ್ರಿಕೆಗಳು “ಶ್ರೀಮತಿ ಗಿರೀಶಮ್ಮ, ಆಸ್ಪತ್ರೆ” ಎಂದೇ ಬಂದಿವೆ. ನಾನು ಮದುವೆಯಾಗಲೇ ಇಲ್ಲ. ವರ್ಗಾವಣೆಯ ಆದೇಶಗಳು ಬಂದಷ್ಟು ಬೇಗ ವರಗಳು ಬರಲಿಲ್ಲ, ಅಷ್ಟೇ.

ಆ ಕಾಲದಲ್ಲಿ ಮಾರ್ಚ್ ಹತ್ತಿರ ಬಂತೆಂದರೆ ನಮಗೆಲ್ಲ ಜ್ವರ. ಮಕ್ಕಳಾಗದ ಆಪರೇಷನ್ನಿಗೆ ಇಷ್ಟು ಹೆಂಗಸರನ್ನು ಕರೆತರಲೇಬೇಕೆಂದು ಟಾರ್ಗೆಟ್ ಇರುತ್ತಿತ್ತು. ಅಡಿಕೆ ಸುಲಿಯುವ ಹೆಂಗಸರು ನನ್ನನ್ನು ಕಂಡರೆ ಸುಲಿಯುವ ಕತ್ತಿ ಕೆಳಗಿಟ್ಟು ಹಿತ್ತಿಲ ಕಡೆ ಓಡುತ್ತಿದ್ದರು. ನಮ್ಮ ಆಗಿನ ಸಾಹೇಬರಿಗೆ ಮೇಲಿನಿಂದ ಎಷ್ಟು ಒತ್ತಡವಿತ್ತೋ, ಒಂದು ದಿನ ಮೀಟಿಂಗಿನಲ್ಲಿ ಹೊಸ ಉಪಾಯ ಹೇಳಿದರು.

“ಆಪರೇಷನ್‌ಗೆ ಒಪ್ಪದವರ ಮಕ್ಕಳಿಗೆ ಲಸಿಕೆ ಹಾಕಬೇಡಿ. ತಾವಾಗೇ ದಾರಿಗೆ ಬರ್ತಾರೆ.”

ನನ್ನ ಪಕ್ಕ ಕೂತಿದ್ದ ಹಿರಿಯ ನರ್ಸ್ ತಲೆಯಾಡಿಸಿದಳು. ನಾನೂ ತಲೆಯಾಡಿಸಿದೆ. ಸರ್ಕಾರಿ ಮೀಟಿಂಗುಗಳಲ್ಲಿ ತಲೆ ಇರುವುದೇ ಅದಕ್ಕೆ. ಆದರೆ ಬುಧವಾರ ಲಸಿಕೆಯ ಡಬ್ಬಿ ತೆರೆದು ಕೂತಾಗ ಮುಂದೆ ನಿಂತ ತಾಯಂದಿರಲ್ಲಿ ಯಾರು ಒಪ್ಪಿದವರು, ಯಾರು ಒಪ್ಪದವರು ಎಂದು ಆರಿಸಲು ನನಗೆ ಆಗಲಿಲ್ಲ. ದಡಾರಕ್ಕೆ ಅದು ಗೊತ್ತಾಗುತ್ತದೆಯೇ? ಎಲ್ಲರಿಗೂ ಹಾಕುತ್ತ ಹೋದೆ.

ಅಂದೇ ಸಾಹೇಬರ ಜೀಪು ಬರಬೇಕೆ! ಸದ್ದು ಕೇಳಿದ್ದೇ ಸೂಜಿ, ಸಿರಿಂಜು, ಡಬ್ಬಿ ಎಲ್ಲವನ್ನೂ ಮಂಚದ ಕೆಳಗೆ ನೂಕಿ, ತೂಕದ ತಕ್ಕಡಿ ಎಳೆದು ಮುಂದಿಟ್ಟೆ. ಸಾಹೇಬರು ಒಳಗೆ ಬಂದರೆ ಕೋಣೆಯ ತುಂಬ ಮಕ್ಕಳು ತೊಡೆ ಹಿಡಿದುಕೊಂಡು ಗಂಟಲು ಹರಿಯುವಂತೆ ಅಳುತ್ತಿವೆ.

“ಏನಮ್ಮ ಇದು?”

“ತೂಕ ನೋಡ್ತಿದೀನಿ ಸರ್.”

“ತೂಕ ನೋಡಿದ್ರೆ ಯಾಕೆ ಅಳ್ತವೆ?”

“ತಕ್ಕಡಿ ಕಂಡ್ರೆ ಹೆದರ್ತಾವೆ ಸರ್.”

ಅಷ್ಟರಲ್ಲಿ ಮೂಲೆಯಲ್ಲಿ ಮೊಮ್ಮಗನನ್ನು ಎತ್ತಿಕೊಂಡಿದ್ದ ಒಬ್ಬ ಅಜ್ಜಿ ನನಗೆ ಸಹಾಯ ಮಾಡಲು ಮುಂದೆ ಬಂದಳು. “ಹೌದ್ರಿ ಸಾಹೇಬ್ರೆ. ನಮ್ಮ ಗಿರೀಶಮ್ಮ ಭಾಳ ಒಳ್ಳೇಕಿ. ತೊಡಿಗೆ ಸೂಜಿ ಚುಚ್ಚೇ ತೂಕ ನೋಡ್ತಾಳೆ.”

ಹೊನ್ನಾಳಿಗೆ ವರ್ಗವಾಯಿತು.

ಅಪ್ಪ ಬಸ್ಸು ಹತ್ತಿ ಬಂದು ಸಾಮಾನು ಕಟ್ಟಲು ಸಹಾಯ ಮಾಡಿದರು. ಹಗ್ಗ ಬಿಗಿಯುತ್ತ, “ಲಸಿಕೆ ಹಾಕಿದ್ದು ಸರಿ. ತಕ್ಕಡಿ ಎಳೆದಿದ್ದು ತಪ್ಪು” ಎಂದರು. ಅವ್ವ ಅವರ ಕೈಯಲ್ಲಿ ಒಂದು ಡಬ್ಬಿ ರವೆ ಉಂಡೆ ಕಳಿಸಿದ್ದಳು. ಅದು ಬಹುಮಾನ ಎಂದು ಬಾಯಿಬಿಟ್ಟು ಹೇಳಿ ಕಳಿಸಿರಲಿಲ್ಲ, ಆದರೆ ತುಪ್ಪ ಜಾಸ್ತಿಯೇ ಇತ್ತು.

ಹೊನ್ನಾಳಿ ಕಡೆಯ ಆಸ್ಪತ್ರೆಗೆ ಹೋದಾಗ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಇನ್ನು ಮೇಲೆ ಅಪ್ಪನ ದಾರಿಯೇ ದಾರಿ. ಹೇಳಿದ್ದನ್ನು ಹೇಳಿದಂತೆ ಮಾಡುವುದು, ಪ್ರಶ್ನೆ ಕೇಳದಿರುವುದು. ಸ್ವಲ್ಪ ಕಾಲ ಇದು ಬಹಳ ಸುಖವಾಗಿತ್ತು. ವಿಧೇಯತೆಯಲ್ಲಿ ಒಂದು ನೆಮ್ಮದಿಯಿದೆ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ಆಗ ಬೆಂಗಳೂರಿನಿಂದ ದೊಡ್ಡವರೊಬ್ಬರು ಆಸ್ಪತ್ರೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಗೋಡೆಗೆ ಸುಣ್ಣ, ಕುಂಡಕ್ಕೆ ಕೆಮ್ಮಣ್ಣು, ಹಾಸಿಗೆಗಳಿಗೆ ಹೊಸ ಬಿಳಿ ಚಾದರ. ನಮ್ಮ ಡಾಕ್ಟರ್ ಸಾಹೇಬರು ಹೆರಿಗೆ ವಾರ್ಡಿಗೆ ಬಂದು ಕಟ್ಟಪ್ಪಣೆ ಮಾಡಿದರು. “ಸಿಸ್ಟರ್, ಅವರು ಬರೋವಾಗ ಚಾದರದ ಮೇಲೆ ಒಂದು ಸುಕ್ಕು ಕಾಣಬಾರದು.”

ಸುಕ್ಕು ಇರಬಾರದೆಂದರೆ ಮೇಲೆ ಯಾರೂ ಮಲಗಬಾರದು. ನಾನು ವಿಧೇಯಳಲ್ಲವೇ? ಬಾಣಂತಿಯರನ್ನೆಲ್ಲ ಎಬ್ಬಿಸಿ, ಹಿಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂರಿಸಿದೆ. ಹಿಂದಿನ ದಿನವಷ್ಟೇ ಹೆತ್ತಿದ್ದ ಒಬ್ಬಳು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದಳು. ಮಗುವಿನ ಮುಖಕ್ಕೆ ಸೆರಗು ಅಡ್ಡ ಹಿಡಿದು ನನ್ನನ್ನು ಕೇಳಿದಳು.

“ಸಿಸ್ಟ್ರೆ, ನಾನು ಇಲ್ಲಿ ಕುಂದುರ್ಬೇಕಾ, ಮಲಗಬಹುದಾ?”

ಅಪ್ಪಣೆಯಲ್ಲಿ ಅದು ಇರಲಿಲ್ಲ. ನಾನು ಚಾದರದ ಸುಕ್ಕು ತೆಗೆಯಲು ಒಳಗೆ ಹೋದೆ.

ದೊಡ್ಡವರು ಬಂದರು. ಖಾಲಿ ವಾರ್ಡು ನೋಡಿದರೆ ಏನೆಂದುಕೊಳ್ಳುತ್ತಾರೋ ಎಂದು ಕೊನೆಯ ಗಳಿಗೆಯಲ್ಲಿ ಡಾಕ್ಟರ್ ಸಾಹೇಬರಿಗೆ ಹೊಳೆಯಿತು. ಕೈಗೆ ಸಿಕ್ಕವರು ಆಂಬುಲೆನ್ಸ್ ಡ್ರೈವರ್ ಹಾಲೇಶಪ್ಪ. ಅವರನ್ನು ಬಾಗಿಲ ಪಕ್ಕದ ಮಂಚಕ್ಕೆ ಹತ್ತಿಸಿ ಮೀಸೆಯವರೆಗೆ ಚಾದರ ಹೊದಿಸಿದರು. ಹಾಲೇಶಪ್ಪನವರ ಮೀಸೆ ಸಣ್ಣ ಮೀಸೆಯಲ್ಲ.

ದೊಡ್ಡವರು ನೇರವಾಗಿ ಅವರ ಹತ್ತಿರವೇ ಹೋಗಿ ಪ್ರೀತಿಯಿಂದ ಕೈ ಹಿಡಿದರು. “ಏನಪ್ಪ, ಏನು ಕಾಯಿಲೆ?”

ಹಾಲೇಶಪ್ಪ ಕಂಗಾಲಾಗಿ ಸುತ್ತ ನೋಡಿದರು. ಎದುರು ಗೋಡೆಯ ಮೇಲೆ ಹೊಸದಾಗಿ ಬರೆಸಿದ ದಪ್ಪ ಅಕ್ಷರ ಕಾಣಿಸಿತು. ಓದಿದರು. “ಹೆರಿಗೆ, ಸಾರ್.”

ದೊಡ್ಡವರು ಮೀಸೆಯನ್ನು ಒಮ್ಮೆ, ನಮ್ಮ ಡಾಕ್ಟರನ್ನು ಒಮ್ಮೆ ನೋಡಿದರು. “ಆಯ್ತಾ?”

“ಇನ್ನೂ ಇಲ್ಲ ಸಾರ್. ಕಾಯ್ತಾ ಇದೀವಿ” ಎಂದರು ಹಾಲೇಶಪ್ಪ.

ಈ ಕತೆಯನ್ನು ಅಪ್ಪನಿಗೆ ಹೇಳಿದಾಗ ನಕ್ಕು ನಕ್ಕು ಅವರಿಗೆ ಕೆಮ್ಮು ಹತ್ತಿತು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಕೇಳಿದರು. “ಆಗ ಆ ಹಸಿ ಬಾಣಂತಿ ಎಲ್ಲಿದ್ಲು?”

“ಬೇವಿನ ಮರದ ಕೆಳಗೆ.”

ಅಪ್ಪನ ನಗು ನಿಂತಿತು. “ಪೌಲ ಇದನ್ನ ಹೇಳಲಿಲ್ಲವ್ವ. ಅಧಿಕಾರ ಕೊಟ್ಟಿರಾದು ಜನಕ್ಕೆ ಒಳ್ಳೇದಾಗಲಿ ಅಂತ. ಅಲ್ಲೇ ಕೆಳಗಡೆ ಬರೆದಾನೆ. ನಾವು ಮ್ಯಾಲಿನ ಸಾಲು ಓದಿ ನಿಲ್ಲಿಸಿಬಿಡ್ತೀವಿ.”

ಅಡುಗೆ ಮನೆಯಿಂದ ಅವ್ವನ ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಜೋರಾಗಿ ಕೇಳಿಸಿತು. ಅದು ಗೆಲುವಿನ ಸದ್ದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅದಾಗಿ ಕೆಲವು ವರ್ಷಕ್ಕೆ ಅವ್ವ ತೀರಿಕೊಂಡಳು. ಆ ಮೇಲೆ ಊಟದ ಹೊತ್ತಿಗೆ ಅಪ್ಪನಿಗೆ ಎದುರು ವಾದಿಸುವವರಿಲ್ಲದೆ, ಅವಳ ಪರವಾಗಿಯೂ ಅವರೇ ಒಂದೊಂದು ಸಲ ವಾದಿಸಿಕೊಳ್ಳುತ್ತಿದ್ದರು.

ನ್ಯಾಮತಿ ಕಡೆ ಇದ್ದಾಗ ನನಗೆ ಮೂರನೆಯ ದಾರಿಯೊಂದು ಕಾಣಿಸಿತು. ಅದನ್ನು ತೋರಿಸಿದವರು ಕ್ರೈಸ್ತರಲ್ಲ, ಹಣೆಯ ಮೇಲೆ ದಿನಾ ವಿಭೂತಿ ಇಟ್ಟುಕೊಂಡು ಬರುತ್ತಿದ್ದ ಡಾಕ್ಟರ್ ಶಶಿಕಲಾ. ಒಂದು ಬೆಳಿಗ್ಗೆ ಒಬ್ಬ ಪೊಲೀಸಪ್ಪ ಒಬ್ಬ ಮನುಷ್ಯನನ್ನು ಕರೆತಂದ. ಬೆನ್ನಿನ ಮೇಲೆ ಬಾಸುಂಡೆ, ಒಂದು ಕಿವಿಯ ಹತ್ತಿರ ರಕ್ತ. ಬಚ್ಚಲಲ್ಲಿ ಜಾರಿ ಬಿದ್ದ ಎಂದು ಪೊಲೀಸಪ್ಪ ಹೇಳಿದ. ಜಾರಿ ಬಿದ್ದವನಿಗೆ ಬೆನ್ನಿನ ಮೇಲೆ ಲಾಠಿಯ ಅಗಲದ ಗೆರೆಗಳು ಬೀಳುವ ಬಚ್ಚಲನ್ನು ನಾನಂತೂ ನೋಡಿಲ್ಲ. ಅಷ್ಟರಲ್ಲಿ ಡಾಕ್ಟರಿಗೆ ಮೇಲಿನ ಸಾಹೇಬರೊಬ್ಬರ ಫೋನ್ ಬಂತು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ದೊಡ್ಡದಾಗಿತ್ತು. ಗಾಯ ಏನೂ ಇಲ್ಲ ಎಂದು ಬರೆದುಬಿಡಿ ಎಂದು ಹೇಳುತ್ತಿದ್ದರು.

ನಾನಾಗಿದ್ದರೆ ಡಾಕ್ಟರು ಊರಲ್ಲಿಲ್ಲ ಎಂದೋ, ಪೆನ್ನಿಗೆ ಇಂಕಿಲ್ಲ ಎಂದೋ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಡಾಕ್ಟರ್ ಶಶಿಕಲಾ ಮೆತ್ತಗೆ ಹೇಳಿದರು. “ಸರ್, ನಾನು ಕಂಡದ್ದು ಬರೀತೀನಿ. ಬರೆದ ಮೇಲೆ ನಿಮಗೆ ಏನು ಮಾಡಬೇಕು ಅನ್ನಿಸುತ್ತೋ ಅದನ್ನ ನೀವು ಮಾಡಿ. ನಾನು ಇಲ್ಲೇ ಇರ್ತೀನಿ.” ಫೋನ್ ಇಟ್ಟು, ಕಂಡದ್ದನ್ನೆಲ್ಲ ಬರೆದರು. ಆಮೇಲೆ ಆ ಪೊಲೀಸಪ್ಪನಿಗೆ ಟೀ ತರಿಸಿದರು. ಪಾಪ, ಅವನೂ ಬೆವೆತು ಹೋಗಿದ್ದ.

ಅವರು ಹೋದ ಮೇಲೆ ಕೇಳಿದೆ. “ಮೇಡಂ, ನಿಮಗೆ ಭಯ ಆಗಲಿಲ್ವಾ?”

“ಆಯ್ತಲ್ಲ ಗ್ರೇಸಮ್ಮ. ಕೈ ನಡುಗ್ತಿತ್ತು. ಅದು ಕಾಣದಿರಲಿ ಅಂತಾನೇ ಟೀ ತರಿಸಿದ್ದು.”

ಮುಂದೆ ಅವರನ್ನು ದೂರದ ಬೀದರಿಗೆ ಹಾಕಿದರು. ಹೋಗುವ ದಿನವೂ ಅವರ ಮುಖದಲ್ಲಿ ಕಹಿ ಇರಲಿಲ್ಲ. ಅಲ್ಲಿಯ ಬಿಸಿಲಿಗೆ ಯಾವ ಸೀರೆ ಒಳ್ಳೆಯದು ಎಂದು ನನ್ನನ್ನು ಕೇಳಿದರು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ದಾನಿಯೇಲನನ್ನು ನೆನೆದರು. ರಾಜನ ಕಟ್ಟಳೆ ಮೀರಿ ಪ್ರಾರ್ಥಿಸಿದಾಗ ಆತ ಕಿಟಕಿ ಮುಚ್ಚಿಕೊಳ್ಳಲಿಲ್ಲ, ತೆರೆದೇ ಇಟ್ಟ. ಸಿಂಹಗಳ ಗವಿಗೆ ಹಾಕುತ್ತೇವೆಂದಾಗ ಓಡಿಯೂ ಹೋಗಲಿಲ್ಲ. “ಆ ಡಾಕ್ಟರಮ್ಮ ನಮ್ಮ ವಾಕ್ಯ ಓದಿಲ್ಲ. ಆದ್ರೂ ಕಿಟಕಿ ತೆಗೆದಿಟ್ಟಾಳೆ ನೋಡು” ಎಂದು ತಲೆದೂಗಿದರು.

ಇದೆಲ್ಲ ಕೇಳಲು ಒಳ್ಳೆಯದೇ. ಆದರೆ ನನ್ನ ಕಿಟಕಿ ನಾನೇ ತೆರೆಯಬೇಕಾದ ದಿನ ಬಂದದ್ದು ನಿವೃತ್ತಿಯ ಅಂಚಿನಲ್ಲಿ, ಜಗಳೂರು ಸೀಮೆಯಲ್ಲಿ, ಕೊರೊನಾ ಕಾಲದಲ್ಲಿ.

ವಯಸ್ಸಾದ ಅಪ್ಪ ಆಗ ನನ್ನ ಜೊತೆಗೇ ಇದ್ದರು. ಆರಾಧನೆಗಳೆಲ್ಲ ಬಂದ್ ಆಗಬೇಕೆಂದು ಸರ್ಕಾರದ ಅಪ್ಪಣೆಯಾಗಿತ್ತು. ನಮ್ಮ ಪುಟ್ಟ ಪ್ರಾರ್ಥನಾ ಮನೆಯ ಪಾಸ್ಟರ್ ಯೋನಾಥಾನನಿಗೆ ಬಿಸಿ ರಕ್ತ. ಏನಾದರೂ ಸರಿ, ಭಾನುವಾರ ಬಾಗಿಲು ತೆರೆಯುತ್ತೇನೆ, ಮನುಷ್ಯರ ಮಾತಿಗಿಂತ ದೇವರ ಮಾತು ದೊಡ್ಡದು ಎಂದು ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ. ನಾನು ಮಾಸ್ಕ್ ಹಾಕಿಕೊಂಡು ಅವನ ಮನೆಯ ಕಟ್ಟೆಗೆ ಹೋದೆ.

“ಪಾಸ್ಟ್ರೆ, ಬಾಗಿಲು ತೆಗೀಬ್ಯಾಡ್ರಿ.”

“ಸಿಸ್ಟರ್, ದಾನಿಯೇಲ ತೆಗೆದ!”

“ದಾನಿಯೇಲ ಸಿಂಹದ ಗವಿಗೆ ತಾನೊಬ್ಬನೇ ಹೋದ ಪಾಸ್ಟ್ರೆ. ಓಣಿಯ ಮುದುಕ್ರನ್ನೆಲ್ಲ ಕರ್ಕೊಂಡು ಹೋಗಲಿಲ್ಲ.”

ಆ ಭಾನುವಾರ ಬಾಗಿಲು ತೆರೆಯಲಿಲ್ಲ. ನಾನು ಬಹಳ ಹೆಮ್ಮೆಯಿಂದ ಮನೆಗೆ ಬಂದು ಅಪ್ಪನಿಗೆ ವರದಿ ಒಪ್ಪಿಸಿದೆ. ಸರ್ಕಾರದ ಪರವಾಗಿ ವಾದಿಸಿ ಗೆದ್ದದ್ದು ಅದೇ ಮೊದಲು.

ಆ ಹೆಮ್ಮೆ ವಾರವೂ ಬಾಳಲಿಲ್ಲ. ಹತ್ತಿರದ ಒಂದು ಕುರಿ ಸಾಕುವವರ ಹಟ್ಟಿಯಲ್ಲಿ ಕಾಯಿಲೆ ಕಾಣಿಸಿಕೊಂಡು ಹಟ್ಟಿಗೆ ಬೇಲಿ ಬಡಿದರು. ನಮ್ಮ ಡಾಕ್ಟರನ್ನು ದಾವಣಗೆರೆಯ ಡ್ಯೂಟಿಗೆ ಕರೆದುಕೊಂಡಿದ್ದರಿಂದ ಆಸ್ಪತ್ರೆ ನನ್ನ ಮೇಲೆ ಬಿದ್ದಿತ್ತು. ಹೊಸದಾಗಿ ಬಂದಿದ್ದ ಯುವಕ ಸಾಹೇಬರು ಫೋನಿನಲ್ಲಿ ಹೇಳಿದರು. “ಆ ಹಟ್ಟಿಯವರು ಯಾರೇ ಆಗಲಿ, ರಿಪೋರ್ಟ್ ಇಲ್ಲದೆ ನಿಮ್ಮ ಗೇಟಿನೊಳಗೆ ಬರಬಾರದು. ಒಬ್ಬರು ಬಂದರೂ ನಿಮ್ಮನ್ನ ಸಸ್ಪೆಂಡ್ ಮಾಡ್ತೀನಿ.” ಕೆಟ್ಟವರೇನಲ್ಲ ಅವರು. ನಿದ್ದೆಯಿಲ್ಲದೆ ದನಿ ಒಡೆದು ಹೋಗಿತ್ತು.

ಮಾರನೆಯ ದಿನ ಉರಿಬಿಸಿಲಿನ ಮಧ್ಯಾಹ್ನ ಒಂದು ಲಗೇಜ್ ಆಟೋ ಗೇಟಿನ ಮುಂದೆ ನಿಂತಿತು. ಹಿಂದೆ, ಖಾಲಿ ಗೋಣಿಚೀಲಗಳ ಮೇಲೆ, ಮಾರಕ್ಕ ಎಂಬ ಹೆಂಗಸು ಆಟೋದ ಕಂಬಿ ಹಿಡಿದು ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಜೊತೆಗೆ ಅವಳ ಅತ್ತೆ ಕೆಂಚವ್ವ. ಗೇಟಿನಲ್ಲಿದ್ದ ಹೋಂಗಾರ್ಡ್ ದೂರದಿಂದಲೇ ಕೂಗಿದ.

“ಯಾವೂರು? ರಿಪೋರ್ಟ್ ಐತಾ?”

“ಹೊಟ್ಟಿ ಐತೋ ಮಾರಾಯಾ! ಇದಕ್ಕಿಂತ ದೊಡ್ಡ ರಿಪೋರ್ಟ್ ಏನು ತರಾಕೆ ಬರ್ತೈತೆ?” ಎಂದಳು ಕೆಂಚವ್ವ.

ನಾನು ಗೇಟಿನ ಸರಳುಗಳ ನಡುವೆ ನೋಡಿದೆ. ನೋವು ಬರುತ್ತಿದ್ದ ರೀತಿಯಲ್ಲೇ ತಿಳಿಯಿತು, ಇದು ದಾವಣಗೆರೆಯವರೆಗೆ ನಿಲ್ಲುವ ಹೆರಿಗೆಯಲ್ಲ. ಒಂದು ಕ್ಷಣ ಹಳೆಯ ಬುದ್ಧಿ ಓಡಿತು. ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡು, ಬೇರೆ ಊರಿನವಳೆಂದು ಬರೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಹಟ್ಟಿಯವಳು ಎಂದು ಗೊತ್ತಿದ್ದರೆ ತಾನೇ ಒಳಗಿನವರು ಎಚ್ಚರಿಕೆಯಿಂದ ಇರುವುದು? ಈ ಸಲ ಸುಳ್ಳು ಹೇಳಿದರೆ ನಮ್ಮ ಆಯಾಗೂ, ಮುಂದೆ ಬರುವ ರೋಗಿಗಳಿಗೂ ಮೋಸ. ಫೋನ್ ತೆಗೆದು ಸಾಹೇಬರಿಗೆ ನಾನೇ ಮಾಡಿದೆ.

“ಸರ್, ಹಟ್ಟಿಯಿಂದ ಹೆರಿಗೆ ಬಂದೈತೆ. ರಿಪೋರ್ಟ್ ಇಲ್ಲ. ಗೇಟು ತೆಗೀತಾ ಇದೀನಿ.”

“ದಾವಣಗೆರೆಗೆ ಕಳಿಸಿ!”

“ದಾರೀಲೇ ಆಗಿಬಿಡ್ತೈತೆ ಸರ್.”

“ನಾನು ಪರ್ಮಿಷನ್ ಕೊಡಲ್ಲ.”

“ನಾನು ಕೇಳ್ತಾ ಇಲ್ಲ ಸರ್, ತಿಳಿಸ್ತಾ ಇದೀನಿ. ಆಮೇಲೆ ನೀವು ಏನು ಮಾಡ್ತೀರೋ ಮಾಡ್ರಿ.”

ಫೋನ್ ಇಡಲು ಹೋದರೆ ಅದು ಕೈಯಿಂದ ಜಾರಿ ಬಿತ್ತು. ಹೋಂಗಾರ್ಡ್ ಅದನ್ನು ಎತ್ತಿಕೊಟ್ಟು, ಗೇಟಿನ ಚಿಲಕ ತೆಗೆದ.

ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಉಡುಪು ಹಾಕಿಕೊಂಡು, ಆಯಾಳನ್ನು ಹೊರಗೇ ನಿಲ್ಲಿಸಿ, ಒಬ್ಬಳೇ ಒಳಗೆ ಹೋದೆ. ಒಳಗಿನ ಬೆವರಿಗೆ ಕನ್ನಡಕ ಮಂಜಾಗಿ ಅರ್ಧ ಕೆಲಸ ಕೈಯಂದಾಜಿನಲ್ಲೇ ನಡೆಯಿತು. ಮಗುವಿನ ತಲೆ ಬಂತು, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬೆರಳು ತೂರಿಸಿ ಬಳ್ಳಿಯನ್ನು ಸಡಿಲ ಮಾಡಿ ತಲೆಯ ಮೇಲಿಂದ ದಾಟಿಸಿದೆ. ಹೊರಗೆ ಬಂದ ಮಗು ನೀಲಿಯಾಗಿತ್ತು, ಅಳಲಿಲ್ಲ. ಬೆನ್ನು ತಿಕ್ಕಿದೆ, ಅಂಗಾಲಿಗೆ ಬಡಿದೆ, ಬಾಯಿ ಒರೆಸಿದೆ. ಗೋಡೆಯ ಆಚೆ ಕೆಂಚವ್ವ ತನ್ನ ದೇವರನ್ನು ಗಟ್ಟಿಯಾಗಿ ಕರೆಯುತ್ತಿದ್ದಳು. ನಾನು ನನ್ನ ದೇವರನ್ನು ಪ್ಲಾಸ್ಟಿಕ್ಕಿನೊಳಗಿಂದ ಕರೆಯುತ್ತಿದ್ದೆ. ಆಮೇಲೆ ಮಗು ಕಿರ್ರೆಂದಿತು. ಹೆಣ್ಣು ಮಗು. ನಾನು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಆ ಆಟೋ ದಾವಣಗೆರೆಯ ದಾರಿಯಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಧೈರ್ಯವಾಗಲಿಲ್ಲ.

ಕಾಯಿಲೆಯ ನಿಯಮವನ್ನು ಮಾತ್ರ ನಾನು ಮುರಿಯಲಿಲ್ಲ. ಮನೆಗೆ ಹೋಗದೆ ಆಸ್ಪತ್ರೆಯ ಹಿಂದಿನ ಕೋಣೆಯಲ್ಲೇ ಉಳಿದೆ. ಅಪ್ಪಣೆ ಮೀರಿದ್ದರ ಬೆಲೆಯನ್ನು ಬೇರೆಯವರು ತೆರಬಾರದಲ್ಲ. ಪಕ್ಕದ ಮನೆಯವರು ಅಪ್ಪನಿಗೆ ಊಟ ಕೊಡುತ್ತಿದ್ದರು. ಅಪ್ಪ ದಿನಾ ಫೋನ್ ಮಾಡಿ, “ಏನವ್ವ, ನಿನ್ನ ಸಿಂಹಗಳು ಹೆಂಗದಾವೆ?” ಎಂದು ಕೇಳುತ್ತಿದ್ದರು. ಪಾಸ್ಟರ್ ಯೋನಾಥಾನನೂ ಫೋನ್ ಮಾಡಿದ.

“ಸಿಸ್ಟರ್, ನಮ್ಮ ಬಾಗಿಲು ಮುಚ್ಚಿಸಿದ್ರಿ, ನಿಮ್ಮ ಗೇಟು ತೆಗೆದ್ರಿ. ಇದ್ಯಾವ ನ್ಯಾಯ?”

“ನಿಮ್ಮ ಸಭೇಲಿ ಯಾರಿಗಾದ್ರೂ ಹೆರಿಗೆ ನೋವು ಬಂದಿದ್ರೆ ಅದನ್ನೂ ತೆಗೀತಿದ್ದೆ ಪಾಸ್ಟ್ರೆ.”

ಅವನು ನಕ್ಕ. ಆದರೆ ಪ್ರಶ್ನೆ ಒಳ್ಳೆಯದೇ. ಹೊಸದಾಗಿ ಸೇರುವ ಹುಡುಗಿಯರು ಅದನ್ನೇ ಕೇಳಬೇಕು. ಸರ್ಕಾರದ ಮಾತು ನಮಗೆ ಇಷ್ಟವಿಲ್ಲ, ನಮ್ಮ ಹೆಮ್ಮೆಗೆ ಪೆಟ್ಟು ಎಂದಾಗ ದೇವರ ಹೆಸರು ಎತ್ತುವುದು ಬಹಳ ಸುಲಭ. ಆ ಮಾತು ಕೇಳಿದರೆ ಎದುರಿಗಿರುವ ಜೀವಕ್ಕೆ ಕೇಡಾಗುತ್ತದೆ ಎಂದಾಗ ಸುಮ್ಮನಿದ್ದುಬಿಡುವುದು ಅದಕ್ಕಿಂತ ಸುಲಭ. ನಾನು ಮೊದಲನೆಯದನ್ನು ಹತ್ತಿರದಿಂದ ಕಂಡವಳು, ಎರಡನೆಯದನ್ನು ಮಾಡಿ ನೋಡಿದವಳು. ಅಪ್ಪನೂ ಅವ್ವನೂ ಇಡೀ ಬದುಕು ಜಗಳವಾಡಿದ್ದರಲ್ಲಿ ಇಬ್ಬರೂ ಅರ್ಧರ್ಧ ಸರಿ ಎಂದು ತಿಳಿಯಲು ನನಗೆ ತಲೆ ನರೆಯಬೇಕಾಯಿತು.

ನನ್ನ ರಿಪೋರ್ಟ್ ಚೆನ್ನಾಗಿ ಬಂತು. ಮಾರಕ್ಕನದೂ ಅಷ್ಟೇ. ಆಮೇಲೆ ವಿಚಾರಣೆಗೆ ಕರೆ ಬಂತು. ಸಾಹೇಬರು ಮೇಜಿನ ಆಚೆ ಕೂತಿದ್ದರು. ಹತ್ತಿರದಿಂದ ನೋಡಿದರೆ ಇನ್ನೂ ಚಿಕ್ಕ ವಯಸ್ಸು, ಕಣ್ಣಿನ ಕೆಳಗೆ ಕಪ್ಪು.

“ತಪ್ಪಾಯ್ತು, ಮತ್ತೆ ಹೀಗೆ ಮಾಡಲ್ಲ ಅಂತ ಬರೆದುಕೊಡಿ ಸಿಸ್ಟರ್. ಇಲ್ಲಿಗೇ ಮುಗಿಸೋಣ.”

“ನಿಮ್ಮ ಮಾತು ಮೀರಿದ್ದು ನಿಜ ಸರ್, ಅದನ್ನ ಬರೆದುಕೊಡ್ತೀನಿ. ಅದಕ್ಕೆ ಏನು ಶಿಕ್ಷೆ ಐತೋ ಕೊಡ್ರಿ. ಮತ್ತೆ ಮಾಡಲ್ಲ ಅಂತ ಮಾತ್ರ ಬರೆಯಾಕೆ ಆಗಲ್ಲ.”

“ಯಾಕೆ ಆಗಲ್ಲ?”

“ನಾಳೆ ಇನ್ನೊಂದು ಆಟೋ ಬಂದ್ರೆ ಮತ್ತೆ ತೆಗೀತೀನಿ ಸರ್. ಸುಳ್ಳು ಬರೆದಂಗೆ ಆಗ್ತೈತೆ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಹೊರಗೆ ಯಾರದೋ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. “ನಿಮಗೆ ರಿಟೈರ್‌ಮೆಂಟ್ ಯಾವಾಗ?”

“ಬರೋ ತಿಂಗಳು ಸರ್.”

“ಪುಣ್ಯ” ಎಂದರು. ನನ್ನ ಪುಣ್ಯವೋ ಅವರದೋ ಹೇಳಲಿಲ್ಲ. ಲಿಖಿತ ಎಚ್ಚರಿಕೆ ಕೊಟ್ಟು ಕಳಿಸಿದರು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿದರು. “ಮಗು ಹೇಗಿದೆ?”

“ಗುಂಡಗೈತೆ ಸರ್.”

ಎಚ್ಚರಿಕೆ ನನ್ನ ಸೇವಾ ದಾಖಲೆಯಲ್ಲಿ ಈಗಲೂ ಇದೆ. ಬೀಳ್ಕೊಡುಗೆಯ ಭಾಷಣದಲ್ಲಿ ಯಾರೂ ಅದನ್ನು ಎತ್ತಲಿಲ್ಲ, ಹಾರ ಹಾಕುವಾಗ ನಾನೂ ನೆನಪಿಸಲಿಲ್ಲ.

ವಿಚಾರಣೆ ಮುಗಿದ ವಾರದ ಭಾನುವಾರ, ಪ್ರಾರ್ಥನಾ ಮನೆ ಇನ್ನೂ ಮುಚ್ಚಿದ್ದರಿಂದ ಅಪ್ಪನೂ ನಾನೂ ಮನೆಯ ಪಡಸಾಲೆಯಲ್ಲೇ ಕೂತೆವು. ಹಾಡಿದ್ದಾಯಿತು, ಓದಿದ್ದಾಯಿತು. ಅಪ್ಪ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರು. ಕಾಯಿಲೆಯವರಿಗಾಗಿ, ಹಟ್ಟಿಯವರಿಗಾಗಿ, ನಾಡನ್ನು ಆಳುವವರಿಗಾಗಿ ಬೇಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

“ಕರ್ತನೇ, ಆ ಹುಡುಗ ಸಾಹೇಬನಿಗೆ ಒಂದಿಷ್ಟು ನಿದ್ದಿ ಕೊಡು, ಒಳ್ಳೇ ಬುದ್ಧಿ ಕೊಡು. ನನ್ನ ಮಗಳಿಗೆ ಇನ್ನು ಬುದ್ಧಿ ಕೊಡಬ್ಯಾಡ. ಆಕೀಗೆ ಈಗ ಇರಾದು ಸಾಕು.”

ನಾನು ಗಟ್ಟಿಯಾಗಿ ಆಮೆನ್ ಎಂದೆ.